ನೋವು ಇಳಿದ ರಾತ್ರಿ

ನನ್ನ ಕೆಳದವಡೆಯ ಬಲಭಾಗದಲ್ಲಿದ್ದ ಎರಡನೆಯ ದವಡೆಹಲ್ಲು ಎರಡು ವರ್ಷಗಳ ಹಿಂದೆಯೇ ಸತ್ತಿತ್ತು. ಅದು ಸತ್ತದ್ದನ್ನು ನಾನು ಗುಣವಾದದ್ದು ಎಂದು ತಿಳಿದುಕೊಂಡಿದ್ದೆ. ಹಳೆಯ ಸಿಮೆಂಟು ಉದುರಿಹೋಗಿ, ತಣ್ಣೀರು ತಾಗಿದರೆ ಜೀವ ಹಿಂಡುವಂತಾಗುತ್ತಿದ್ದ ಆ ದಿನಗಳಲ್ಲಿ ದಂತವೈದ್ಯರು ಎಕ್ಸ್‌ರೇ ತೆಗೆದು, ಹುಳುಕು ನರದವರೆಗೆ ಇಳಿದಿದೆ, ರೂಟ್ ಕೆನಾಲ್ ಮಾಡಿಸಿಕೊಳ್ಳಿ, ಇಲ್ಲವೇ ಹಲ್ಲನ್ನು ಕೀಳಿಸಿಕೊಳ್ಳಿ ಎಂದಿದ್ದರು. ಮುಂದಿನ ವಾರ ಬರುತ್ತೇನೆಂದು ಹೇಳಿ ಮನೆಗೆ ಬಂದೆ. ಆ ವಾರ ಕಳೆಯುವುದರೊಳಗೆ ನೋವು ತಾನಾಗಿಯೇ ನಿಂತಿತು, ನಾನು ಮತ್ತೆ ಹೋಗಲಿಲ್ಲ. ಹಲ್ಲಿನೊಳಗಿನ ನರ ಸತ್ತ ಮೇಲೆ ಅಲ್ಲಿ ನೋಯುವುದಕ್ಕೆ ಏನೂ ಉಳಿದಿರುವುದಿಲ್ಲ, ಆದರೆ ಆ ಪೊಳ್ಳಿನಲ್ಲಿ ರೋಗಾಣುಗಳು ನೆಲೆಯೂರಿ ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತವೆ, ರಕ್ತಸಂಚಾರವೇ ಇಲ್ಲದ ಆ ಜಾಗವನ್ನು ನುಂಗಿದ ಯಾವ ಮಾತ್ರೆಯೂ ತಲುಪುವುದಿಲ್ಲ ಎಂಬುದನ್ನೆಲ್ಲ ನಾನು ತಿಳಿದದ್ದು ಕುತ್ತಿಗೆಯಲ್ಲಿ ಮೂರು ಗಾಯಗಳನ್ನು ಹೊತ್ತು ಆಸ್ಪತ್ರೆಯ ಮಂಚದ ಮೇಲೆ ಕುಳಿತಿದ್ದಾಗ.

ಎಲ್ಲವನ್ನೂ ಬರೆದಿಡುವ ಅಭ್ಯಾಸ ನನಗಿದೆ. ಅಂದು ಸೋಮವಾರ ಬೆಳಗ್ಗೆ ಹಲ್ಲು ಮತ್ತೆ ನೋಯತೊಡಗಿದಾಗಲೂ ಒಂದು ಸಣ್ಣ ಪುಸ್ತಕದಲ್ಲಿ ನೋವಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುತ್ತ ಹೋದೆ. ಸೋಮವಾರ ಆರು, ಮಂಗಳವಾರ ಎಂಟು, ಬುಧವಾರ ಒಂಬತ್ತು. ನೋವಿನ ಮಾತ್ರೆ ಐಬುಪ್ರೊಫೆನ್ ನುಂಗಿದ ವೇಳೆಯನ್ನೂ ಗುರುತು ಹಾಕಿದ್ದೇನೆ. ಅದರ ಜೊತೆಗೆ ಹಿಂದೆಂದೋ ಗಂಟಲುನೋವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ನ ಐದು ಗುಳಿಗೆಗಳನ್ನು ಯಾರನ್ನೂ ಕೇಳದೆ, ನನ್ನಷ್ಟಕ್ಕೆ ನಾನೇ ವೈದ್ಯಳಾಗಿ, ಒಂದೂವರೆ ದಿನದಲ್ಲಿ ಮುಗಿಸಿದೆ. ಗುರುವಾರ ಸಂಜೆಯವರೆಗೂ ಒಂಬತ್ತೇ ಇತ್ತು. ಅಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಯಾರೋ ಬಿಗಿದ ಹಗ್ಗವನ್ನು ಸಡಿಲಿಸಿದಂತೆ ನೋವು ಇಳಿಯಿತು. ಶುಕ್ರವಾರದ ಎದುರಿಗೆ ನಾಲ್ಕು ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ‘ಔಷಧಿ ಹಿಡಿಯಿತು’ ಎಂದು ಸೇರಿಸಿದ್ದೇನೆ. ಆ ಪುಟ ಈಗಲೂ ನನ್ನ ಬಳಿ ಇದೆ.

ಔಷಧಿ ಹಿಡಿದಿರಲಿಲ್ಲ. ಎಲುಬಿನೊಳಗೆ ಸಿಕ್ಕಿಬಿದ್ದ ಕೀವು ಅಲ್ಲಿ ಜಾಗವಿಲ್ಲದೆ ಒತ್ತುತ್ತಿರುವಾಗ ಹಲ್ಲುನೋವು ಅಷ್ಟು ಭೀಕರವಾಗಿರುತ್ತದೆ. ಅದು ಎಲುಬನ್ನು ಕೊರೆದು ಹೊರಗಿನ ಮೆದು ಭಾಗಗಳಿಗೆ ದಾಟಿದ ಗಳಿಗೆಯಲ್ಲಿ ಒತ್ತಡ ಇಳಿದು ರೋಗಿಗೆ ಹಾಯೆನಿಸುತ್ತದೆ. ನನಗೆ ಹಾಯೆನಿಸಿದ ಆ ರಾತ್ರಿಯೇ ಸೋಂಕು ಹಲ್ಲಿನ ಮನೆಯನ್ನು ಬಿಟ್ಟು ಕುತ್ತಿಗೆಯ ಕಡೆಗೆ ಹೊರಟಿತ್ತು.

ಅದು ಬಾಯಿಯ ಕಡೆಗೆ ಬಾರದೆ ಕುತ್ತಿಗೆಗೇ ಏಕೆ ಇಳಿಯಿತು ಎಂಬುದನ್ನು ಮುಂದೆ ಶಸ್ತ್ರವೈದ್ಯರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಕೆಳದವಡೆಯ ಒಳಮೈಯಲ್ಲಿ ಓರೆಯಾದ ಒಂದು ಗೆರೆಯುಂಟು. ಬಾಯಿಯ ತಳವನ್ನು ಜೋಲಿಯಂತೆ ಹಿಡಿದಿರುವ ಮೈಲೋಹಯಾಯ್ಡ್ ಎಂಬ ಸ್ನಾಯು ಅಲ್ಲಿ ಅಂಟಿಕೊಂಡಿರುತ್ತದೆ. ಮುಂದಿನ ಹಲ್ಲುಗಳ ಬೇರುಗಳು ಆ ಗೆರೆಗಿಂತ ಮೇಲೆಯೇ ಮುಗಿಯುತ್ತವೆ, ಆದ್ದರಿಂದ ಅವುಗಳ ಕೀವು ಒಳಮುಖವಾಗಿ ಒಡೆದರೂ ನಾಲಗೆಯ ಕೆಳಗೆ ಬಾಯೊಳಗೇ ಕಾಣಿಸಿಕೊಳ್ಳುತ್ತದೆ. ಎರಡನೆಯ ದವಡೆಹಲ್ಲು ಮತ್ತು ಬುದ್ಧಿಹಲ್ಲಿನ ಬೇರುಗಳು ಸಾಮಾನ್ಯವಾಗಿ ಆ ಗೆರೆಯನ್ನು ದಾಟಿ ಕೆಳಗಿಳಿದಿರುವುದರಿಂದ, ಅಲ್ಲಿಂದ ಒಳಮುಖವಾಗಿ ಒಡೆದ ಕೀವು ಸ್ನಾಯುವಿನ ಅಡಿಯಲ್ಲಿ, ಅಂದರೆ ನೇರವಾಗಿ ಗದ್ದದ ಕೆಳಗಿನ ಪೊಳ್ಳಿಗೆ ಬೀಳುತ್ತದೆ. ಆ ಶುಕ್ರವಾರ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಟಾರ್ಚ್ ಹಿಡಿದು ನೋಡಿದಾಗ ನನ್ನ ವಸಡು ಊದಿರಲೇ ಇಲ್ಲ. ನೋಡಬೇಕಾದ ಜಾಗ ಅದಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗದ್ದದ ಕೆಳಗೆ, ಬಲಗಡೆ, ಗಟ್ಟಿಯಾದ ಊತ ಬಂತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಎಂಜಲು ನುಂಗುವುದು ಒಂದು ಕೆಲಸವಾಗಿ, ನುಂಗುವುದಕ್ಕೆ ಮೊದಲು ಮನಸ್ಸನ್ನು ಸಿದ್ಧಮಾಡಿಕೊಳ್ಳಬೇಕಾಗಿ ಬಂತು. ಇಷ್ಟಾದರೂ ನೋವು ನಾಲ್ಕನ್ನು ಮೀರಿರಲಿಲ್ಲವಾದ್ದರಿಂದ ಸೋಮವಾರ ದಂತವೈದ್ಯರಲ್ಲಿಗೆ ಹೋದರಾಯಿತೆಂದು ನಿಶ್ಚಯಿಸಿ ಮಲಗಿದೆ. ಮಲಗಿದರೆ ಉಸಿರು ಕಟ್ಟಿದಂತಾಗುತ್ತಿತ್ತು, ಎದ್ದು ಕುಳಿತೆ. ಬಟ್ಟೆಯೊಂದನ್ನು ಮಡಿಸಿ ಜೊಲ್ಲಿಗೆ ಗದ್ದದ ಕೆಳಗೆ ಹಿಡಿದುಕೊಂಡಿದ್ದಾಗಲೂ ಇದನ್ನು ಕಾಯಿಲೆಯೆಂದು ಕರೆಯಲು ಮನಸ್ಸು ಒಪ್ಪಲಿಲ್ಲ. ಸಂಜೆ ಬೇರೇನೋ ಕಾರಣಕ್ಕೆ ತಮ್ಮ ಫೋನ್ ಮಾಡಿದ. ನಾನು ಎರಡು ಮಾತು ಆಡುವಷ್ಟರಲ್ಲಿ ಅವನು ತಡೆದು, “ಅಕ್ಕಾ, ಬಾಯಲ್ಲಿ ಏನಿಟ್ಟುಕೊಂಡು ಮಾತಾಡ್ತಾ ಇದ್ದೀಯ?” ಎಂದು ಕೇಳಿದ. ಬಾಯಲ್ಲಿ ಏನೂ ಇರಲಿಲ್ಲ. ಬಾಯಿಯ ತಳವೇ ಮೇಲೆದ್ದು ನಾಲಗೆಯನ್ನು ಹಿಂದಕ್ಕೆ ತಳ್ಳುತ್ತಿತ್ತು, ಸುಡುವ ತುತ್ತನ್ನು ಬಾಯಲ್ಲಿ ಹಿಡಿದುಕೊಂಡವರ ಹಾಗೆ ದನಿ ದಪ್ಪಗಾಗಿತ್ತು. ನನಗೆ ಅದು ಕೇಳಿಸಿರಲಿಲ್ಲ. ನನ್ನ ಗಮನವೆಲ್ಲ ಅಂಕಗಳ ಮೇಲಿತ್ತು.

ಅವನು ಬಂದವನೇ ನನ್ನನ್ನು ಅದೇ ದಂತವೈದ್ಯರ ಬಳಿಗೆ ಕರೆದೊಯ್ದ. ಅವರು ಹಲ್ಲನ್ನು ಮುಟ್ಟಲೇ ಇಲ್ಲ. ಗದ್ದದ ಕೆಳಗೆ ಎರಡೂ ಕಡೆ ಬೆರಳೊತ್ತಿ ನೋಡಿದರು, ನಾಲಗೆಯನ್ನು ತುಟಿಯಾಚೆಗೆ ಚಾಚಲು ಹೇಳಿದರು, ಅದು ಹಲ್ಲಿನ ಸಾಲನ್ನೂ ದಾಟದಿದ್ದುದನ್ನು ಕಂಡು ಎದ್ದು ನಿಂತರು. “ಇದು ಈಗ ಹಲ್ಲಿನ ವಿಷಯವಲ್ಲ, ಉಸಿರಿನ ವಿಷಯ. ಇವರನ್ನು ಮಲಗಿಸಬೇಡಿ, ಕೂರಿಸಿಕೊಂಡೇ ಹೋಗಿ” ಎಂದು ತಮ್ಮನಿಗೆ ಹೇಳಿ, ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರೂ ತೀವ್ರ ನಿಗಾ ಘಟಕವೂ ಇರುವ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು, ನಾವು ಹೊರಡುವ ಮೊದಲೇ ಅಲ್ಲಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದರು. ಆ ಫೋನಿನಿಂದ ಎಷ್ಟು ಹೊತ್ತು ಉಳಿಯಿತೋ ನಾನು ಲೆಕ್ಕ ಹಾಕಲಾರೆ, ಆದರೆ ತುರ್ತು ವಿಭಾಗದ ಬಾಗಿಲಲ್ಲಿ ಅರಿವಳಿಕೆ ತಜ್ಞೆಯೊಬ್ಬರು ನಮ್ಮನ್ನು ಕಾದು ನಿಂತಿದ್ದರು.

ಅಲ್ಲಿ ಯಾರೂ ನೋವು ಎಷ್ಟಿದೆಯೆಂದು ಮೊದಲು ಕೇಳಲಿಲ್ಲ. ಎಂಜಲು ನುಂಗಬಲ್ಲಿರಾ, ನಾಲಗೆ ಚಾಚಬಲ್ಲಿರಾ, ಮಲಗಿದರೆ ಏನಾಗುತ್ತದೆ, ಉಸಿರೆಳೆದುಕೊಳ್ಳುವಾಗ ಸದ್ದು ಬರುತ್ತಿದೆಯೇ, ದನಿ ಯಾವಾಗಿನಿಂದ ಹೀಗಾಗಿದೆ ಎಂಬವು ಅವರ ಪ್ರಶ್ನೆಗಳು. ಒಬ್ಬ ಕಿರಿಯ ವೈದ್ಯರು ಅಳತೆಪಟ್ಟಿ ಇಟ್ಟು ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವಿನ ಅಂತರವನ್ನು ಅಳೆದು 14 ಮಿಲಿಮೀಟರ್ ಎಂದು ಬರೆದುಕೊಂಡರು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿರುತ್ತದೆ. ಜ್ವರ 102.6 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 118. ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದ ಆಮ್ಲಜನಕವನ್ನು 97 ಎಂದು ತೋರಿಸುತ್ತಿದ್ದುದನ್ನು ಕಂಡು ತಮ್ಮ ನಿಟ್ಟುಸಿರು ಬಿಟ್ಟ. ಅರಿವಳಿಕೆ ತಜ್ಞೆ ಅವನ ಕಡೆ ತಿರುಗಿ, “ಆ ಅಂಕೆಯನ್ನು ನಂಬಬೇಡಿ, ಇಂಥ ರೋಗದಲ್ಲಿ ಅದು ಕಟ್ಟಕಡೆಗೆ ಇಳಿಯುತ್ತದೆ, ಅದು ಇಳಿಯುವ ಹೊತ್ತಿಗೆ ನಮ್ಮ ಕೈಯಲ್ಲಿ ಸಮಯ ಇರುವುದಿಲ್ಲ” ಎಂದರು. ಮಡಿಲಲ್ಲಿದ್ದ ನನ್ನ ಪುಸ್ತಕ ನೆನಪಾಗಿ ನಾನು ಅದನ್ನು ಚೀಲದೊಳಕ್ಕೆ ಸೇರಿಸಿದೆ.

ರಕ್ತಪರೀಕ್ಷೆಯ ಫಲಿತಾಂಶಗಳು ಒಂದೊಂದಾಗಿ ಬಂದವು. ಬಿಳಿರಕ್ತಕಣಗಳು 19,400. ಉರಿಯೂತವನ್ನು ಅಳೆಯುವ ಸಿ.ಆರ್.ಪಿ. 246, ಆರೋಗ್ಯವಂತರಲ್ಲಿ ಅದು ಹತ್ತನ್ನೂ ಮುಟ್ಟಿರುವುದಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಸಕ್ಕರೆ: 338. ನನಗೆ ಮಧುಮೇಹವಿದೆಯೆಂದು ಅದುವರೆಗೆ ಯಾರೂ ಹೇಳಿರಲಿಲ್ಲ, ನಾನು ಯಾರಿಂದಲೂ ಪರೀಕ್ಷೆ ಮಾಡಿಸಿಕೊಂಡಿರಲೂ ಇಲ್ಲ. ಸೋಂಕಿನ ಒತ್ತಡದಿಂದಲೂ ಸಕ್ಕರೆ ಏರುತ್ತದೆಂದು ನಾನು ವಾದಿಸಬಹುದಿತ್ತೇನೋ, ಆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ 10.2 ಎಂದು ಬಂದ ಮೇಲೆ ವಾದಕ್ಕೆ ಎಡೆಯಿರಲಿಲ್ಲ. ಸಕ್ಕರೆ ಹೆಚ್ಚಿರುವ ರಕ್ತದಲ್ಲಿ ರೋಗಾಣುಗಳನ್ನು ಹಿಡಿಯಬೇಕಾದ ಬಿಳಿಕಣಗಳೇ ಮಂದವಾಗುತ್ತವೆ. ಎಷ್ಟೋ ಜನರ ಬಾಯಲ್ಲಿ ಸಣ್ಣ ಬಾವಾಗಿ ಮುಗಿಯುವ ಸೋಂಕು ನನ್ನಲ್ಲಿ ನಾಲ್ಕು ದಿನಗಳಲ್ಲಿ ಗಂಟಲಿಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಸಲೈನ್, ಇನ್ಸುಲಿನ್, ರಕ್ತನಾಳದ ಮೂಲಕ ಆಂಪಿಸಿಲಿನ್-ಸಲ್ಬ್ಯಾಕ್ಟಮ್ ಎಂಬ ಜೋಡಿ ಆ್ಯಂಟಿಬಯೋಟಿಕ್ ಮೂರೂ ಒಟ್ಟೊಟ್ಟಿಗೆ ಶುರುವಾದವು. ನಾನು ನುಂಗಿದ್ದ ಅಮಾಕ್ಸಿಸಿಲಿನ್ ಏಕೆ ಕೆಲಸ ಮಾಡಲಿಲ್ಲವೆಂದು ಮುಂದೊಂದು ದಿನ ವೈದ್ಯರನ್ನು ಕೇಳಿದಾಗ, ಬಾಯಿಯ ಇಂಥ ಸೋಂಕು ಸಾಮಾನ್ಯವಾಗಿ ಒಂದೇ ಜಾತಿಯ ರೋಗಾಣುವಿನದ್ದಲ್ಲ, ಸ್ಟ್ರೆಪ್ಟೊಕಾಕಸ್ ಮೊದಲು ದಾರಿ ಮಾಡುತ್ತದೆ, ಅದರ ಹಿಂದೆ ಗಾಳಿಯಿಲ್ಲದೆ ಬದುಕುವ ಪ್ರೆವೊಟೆಲ್ಲಾ, ಫ್ಯೂಸೊಬ್ಯಾಕ್ಟೀರಿಯಂನಂಥವು ಬರುತ್ತವೆ, ಇವುಗಳಲ್ಲಿ ಎಷ್ಟೋ ತಳಿಗಳು ಅಮಾಕ್ಸಿಸಿಲಿನ್ನನ್ನು ಒಡೆದುಹಾಕುವ ಕಿಣ್ವವನ್ನೇ ತಯಾರಿಸುತ್ತವೆ, ಸಲ್ಬ್ಯಾಕ್ಟಮ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ ಎಂದರು. ಕೀವು ಕಟ್ಟಿ ನಿಂತಿರುವಾಗ ಸರಿಯಾದ ಔಷಧಿಯೂ ಒಂಟಿಯಾಗಿ ಗೆಲ್ಲುವುದಿಲ್ಲ ಎಂದೂ ಸೇರಿಸಿದರು.

ಸಿ.ಟಿ. ಸ್ಕ್ಯಾನ್ ಮಾಡಿಸಬೇಕೋ ಬೇಡವೋ ಎಂಬುದು ನನ್ನ ಎದುರಿಗೇ ಚರ್ಚೆಗೆ ಬಂತು. ಕೀವು ಯಾವ ಯಾವ ಪೊಳ್ಳುಗಳಲ್ಲಿ ಕುಳಿತಿದೆ, ಗಂಟಲಿನ ಪಕ್ಕಕ್ಕೆ ಸರಿದಿದೆಯೇ, ಎದೆಗೂಡಿನ ಕಡೆಗೆ ಇಳಿದಿದೆಯೇ ಎಂಬುದನ್ನು ತಿಳಿಯದೆ ಕತ್ತರಿ ಹಿಡಿಯುವುದು ಶಸ್ತ್ರವೈದ್ಯರಿಗೆ ಇಷ್ಟವಿರಲಿಲ್ಲ. ಉಸಿರಿನ ದಾರಿ ಭದ್ರವಾಗದ ರೋಗಿಯನ್ನು ಅಂಗಾತ ಮಲಗಿಸುವುದು ಅರಿವಳಿಕೆ ತಜ್ಞೆಗೆ ಇಷ್ಟವಿರಲಿಲ್ಲ. ಮೂಗಿನ ಮೂಲಕ ತೆಳುವಾದ ದುರ್ಬೀನನ್ನು ಇಳಿಸಿ ನೋಡಿದ ಕಿವಿ-ಮೂಗು-ಗಂಟಲು ತಜ್ಞರು, ದಾರಿ ಎಡಕ್ಕೆ ಸರಿದು ಕಿರಿದಾಗಿದೆ, ಆದರೆ ಧ್ವನಿಪೆಟ್ಟಿಗೆ ಇನ್ನೂ ಊದಿಲ್ಲ ಎಂದರು. ಆಗ ಅರಿವಳಿಕೆ ತಜ್ಞೆ ನನ್ನನ್ನು ಮಂಚದ ಮೇಲೆ ನಿಧಾನವಾಗಿ ಒರಗಿಸಿ, ಗಡಿಯಾರ ನೋಡುತ್ತ ಎರಡು ನಿಮಿಷ ಹಾಗೆಯೇ ಇರಿಸಿ, ನನ್ನ ಮುಖವನ್ನೇ ದಿಟ್ಟಿಸುತ್ತಿದ್ದು, ನಂತರ ಒಪ್ಪಿಗೆ ಕೊಟ್ಟರು. ಸ್ಕ್ಯಾನ್ ಕೋಣೆಗೆ ತಾವೂ ಬಂದರು. ಉಸಿರಿನ ಕೊಳವೆ ಹಾಕುವ ಸಾಮಗ್ರಿಯೆಲ್ಲ ಅವರ ಹಿಂದೆಯೇ ಬಂತು. ಹೀಗೆ ಮಲಗಲಾರದವರಿಗೆ ಮೊದಲು ಕೊಳವೆ ಹಾಕಿ ನಂತರವೇ ಸ್ಕ್ಯಾನ್ ಮಾಡುತ್ತಾರಂತೆ.

ವರದಿಯಲ್ಲಿ ಬಲ ಗದ್ದದ ಕೆಳಗೆ, ನಾಲಗೆಯ ಕೆಳಗೆ ಎರಡೂ ಕಡೆ, ಗದ್ದದ ಮುಂತುದಿಯ ಅಡಿಯಲ್ಲಿ ಸೋಂಕು ಹರಡಿತ್ತು. ಗಂಟಲಿನ ಪಕ್ಕದ ಪೊಳ್ಳಿನ ಅಂಚಿನಲ್ಲಿ ಮಸುಕಾದ ಒಂದು ಬದಲಾವಣೆ ಇತ್ತು. ಎದೆಗೆ ಇಳಿದಿರಲಿಲ್ಲ. ಗಂಟಲಿನ ಹಿಂಬದಿಯಿಂದ ಎದೆಗೂಡಿನವರೆಗೆ ತಡೆಯಿಲ್ಲದೆ ಸಾಗುವ ಸಂದುಗಳಿವೆಯೆಂದೂ, ಕೀವು ಅಲ್ಲಿಗೆ ತಲುಪಿ ಹೃದಯದ ಸುತ್ತಣ ಭಾಗಕ್ಕೆ ಇಳಿದರೆ ಎದೆಯನ್ನೇ ತೆರೆಯಬೇಕಾಗಬಹುದೆಂದೂ ಹೇಳಿ ಒಪ್ಪಿಗೆ ಪತ್ರಕ್ಕೆ ತಮ್ಮನ ಸಹಿ ಹಾಕಿಸಿಕೊಂಡರು. ನಾನೂ ಹಾಕಿದೆ. ರೋಗದ ಹೆಸರಿನ ಎದುರಿಗೆ ‘ಲುಡ್ವಿಗ್ಸ್ ಆಂಜೈನ’ ಎಂದಿತ್ತು. ಆಂಜೈನ ಎಂದರೆ ಹೃದಯದ ಕಾಯಿಲೆ ಎಂದಷ್ಟೇ ತಿಳಿದಿದ್ದ ತಮ್ಮ ಗಾಬರಿಯಾದ. ಆ ಲ್ಯಾಟಿನ್ ಪದದ ಮೂಲದಲ್ಲಿರುವುದು ಕತ್ತು ಹಿಸುಕುವ ಅರ್ಥ, ಇದಕ್ಕೂ ಹೃದಯಕ್ಕೂ ನಂಟಿಲ್ಲ. ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ಇದನ್ನು ವರ್ಣಿಸಿದ ಕಾಲಕ್ಕೆ ಆ್ಯಂಟಿಬಯೋಟಿಕ್ ಇರಲಿಲ್ಲ, ಈ ರೋಗ ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. ಅವರಲ್ಲಿ ಬಹಳ ಮಂದಿಯ ಜೀವ ಹೋಗುತ್ತಿದ್ದುದು ಉಸಿರುಕಟ್ಟಿ. ಊತ ಹಲಗೆಯಂತೆ ಗಟ್ಟಿಯಾಗಿರುವುದು, ಎರಡೂ ಕಡೆಗೆ ಹರಡುವುದು, ಬೆರಳೊತ್ತಿದರೆ ಕೀವಿನ ಮೆದುತನ ಸಿಗದಿರುವುದು ಅದರ ಗುರುತು. ಮೆದುವಾಗಲಿ, ಹಣ್ಣಾಗಲಿ ಎಂದು ಕಾಯುವ ಬಾವು ಇದಲ್ಲ.

ಕೊಳವೆ ಹಾಕಿಸಿಕೊಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಡೀ ಚಿಕಿತ್ಸೆಯಲ್ಲಿ ನಾನು ಎಚ್ಚರವಾಗಿದ್ದು ಪಾಲ್ಗೊಂಡ ಭಾಗ ಅದೊಂದೇ. ಶಸ್ತ್ರಚಿಕಿತ್ಸೆಯೆಂದರೆ ಮೊದಲು ನಿದ್ದೆ ಬರಿಸುತ್ತಾರೆಂದು ನಾನು ಎಣಿಸಿದ್ದೆ. ಅರಿವಳಿಕೆ ತಜ್ಞೆ ನನ್ನ ಪಕ್ಕ ಕುಳಿತು, ನಿದ್ದೆ ಬರಿಸಿದರೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಈಗ ಉಳಿದಿರುವ ಸಂದೂ ಮುಚ್ಚಿಹೋಗಬಹುದು, ಬಾಯಿ ತೆರೆಯದ ಕಾರಣ ಆಗ ನಮಗೆ ಒಳಗೆ ದಾರಿ ಸಿಗದೆ ಹೋಗಬಹುದು, ಆದ್ದರಿಂದ ನೀವೇ ಉಸಿರಾಡುತ್ತಿರುವಾಗ, ಕುಳಿತಂತೆಯೇ, ಮೂಗಿನ ಮೂಲಕ ಕೊಳವೆ ಇಳಿಸುತ್ತೇವೆ ಎಂದರು. ಅದು ಸಾಧ್ಯವಾಗದಿದ್ದರೆ ಎಂದು ನಾನು ಕೈಸನ್ನೆಯಲ್ಲಿ ಕೇಳಿದೆ. ಗಂಟಲು ತಜ್ಞರು ಆಗಲೇ ಕೈತೊಳೆದು, ಕೈಗವಸು ತೊಟ್ಟು ನಿಂತಿದ್ದರು. ನನ್ನ ಕತ್ತಿನ ಮುಂಭಾಗದಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದಾಗಿತ್ತು. ಬೇಕಾದರೆ ಅಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನೇರವಾಗಿ ಕೊಳವೆ ಹಾಕುತ್ತಾರೆ. ಉತ್ತರ ಆ ಗೆರೆಯಲ್ಲಿತ್ತು.

ಜೊಲ್ಲು ಒಣಗಲು ಒಂದು ಚುಚ್ಚುಮದ್ದು ಕೊಟ್ಟರು. ಮೂಗಿಗೆ ಹನಿ ಹಾಕಿದರು. ಮರಗಟ್ಟಿಸುವ ಲಿಗ್ನೊಕೇನ್ ಔಷಧಿಯನ್ನು ಹಬೆಯ ರೂಪದಲ್ಲಿ ಹತ್ತು ನಿಮಿಷ ಉಸಿರಾಡಿಸಿ, ಬಳಿಕ ಗಂಟಲಿಗೆ ಸಿಂಪಡಿಸಿದರು. ನನ್ನ ಗಂಟಲು ಇನ್ನು ನನ್ನದಲ್ಲವೆನಿಸುವ ಒಂದು ವಿಚಿತ್ರ ದಪ್ಪತನ ಬಂತು, ನುಂಗಿದೆನೋ ಇಲ್ಲವೋ ತಿಳಿಯಲಿಲ್ಲ. ತೆಳುವಾದ ದುರ್ಬೀನು ಬಲ ಮೂಗಿನ ಹೊಳ್ಳೆಯಿಂದ ಒಳಹೊಕ್ಕಿತು. ನೋವಿರಲಿಲ್ಲ, ಹಿಂದಕ್ಕೆ ತಳ್ಳುವ ಒಂದು ಒತ್ತಡವಿತ್ತು ಅಷ್ಟೇ. “ದೀರ್ಘವಾಗಿ ಉಸಿರು ಎಳೆದುಕೊಳ್ಳಿ, ಇನ್ನೊಮ್ಮೆ, ನಾನಿದ್ದೇನೆ” ಎಂಬ ಒಂದೇ ದನಿ ಕೋಣೆಯಲ್ಲಿತ್ತು, ಉಳಿದವರೆಲ್ಲ ಸುಮ್ಮನಿದ್ದರು. ಧ್ವನಿತಂತುಗಳಿಗೆ ಔಷಧಿ ಸಿಂಪಡಿಸಿದಾಗ ಕೆಮ್ಮು ಒತ್ತರಿಸಿಕೊಂಡು ಬಂತು. ಆ ಕೆಮ್ಮಿನ ನಡುವೆ ಏನೋ ಕೆಳಗಿಳಿಯಿತು. ನಾನು ಮತ್ತೆ ಕೆಮ್ಮಿದೆ, ಆದರೆ ಈ ಬಾರಿ ಸದ್ದು ಬರಲಿಲ್ಲ. ಕೊಳವೆ ಧ್ವನಿತಂತುಗಳ ನಡುವೆ ಹಾದುಹೋದದ್ದರ ಗುರುತು ಅದು: ಮೈಯೆಲ್ಲ ಕೆಮ್ಮುತ್ತಿದೆ, ಕೆಮ್ಮಿಗೆ ದನಿಯಿಲ್ಲ. ಯಂತ್ರದ ಪರದೆಯ ಮೇಲೆ ನನ್ನ ಉಸಿರಿನ ಅಲೆಯೊಂದು ಎದ್ದಿತು. ಯಾರೋ “ಬಂತು” ಎಂದರು. ಅದರ ಮುಂದಿನದು ನನಗೆ ನೆನಪಿಲ್ಲ.

ಮುಂದಿನ ಐದು ದಿನಗಳ ಕಥೆಯನ್ನು ತಮ್ಮನ ಮಾತಿನಿಂದಲೂ ಬಿಡುಗಡೆ ಪತ್ರದಿಂದಲೂ ಜೋಡಿಸಿಕೊಂಡಿದ್ದೇನೆ. ಗದ್ದದ ಅಂಚಿನಿಂದ ಎರಡು ಬೆರಳು ಕೆಳಗೆ ಬಲಗಡೆ ಒಂದು, ಎಡಗಡೆ ಒಂದು, ಗದ್ದದ ಮುಂತುದಿಯ ಕೆಳಗೆ ಒಂದು ಹೀಗೆ ಮೂರು ಕಡೆ ಚರ್ಮವನ್ನು ಕೊಯ್ದರು. ಅಷ್ಟು ಕೆಳಗೆ ಕೊಯ್ಯುವುದು ಕೆಳತುಟಿಯ ಮೂಲೆಯನ್ನು ಎಳೆಯುವ ಸಣ್ಣ ನರವನ್ನು ಉಳಿಸುವುದಕ್ಕಾಗಿ. ಚರ್ಮದ ಒಳಗೆ ಮತ್ತೆ ಕತ್ತರಿಸದೆ, ಮೊಂಡು ಮೂತಿಯ ಫೋರ್ಸೆಪ್ಸ್ ಎಂಬ ಇಕ್ಕಳವನ್ನು ಪೊಳ್ಳುಗಳೊಳಕ್ಕೆ ಇಳಿಸಿ ಅಗಲಿಸುತ್ತಾರೆ. ಕೀವು ಬಕೆಟ್ಟುಗಟ್ಟಲೆ ಬಂದಿರಬೇಕೆಂದು ನಾನು ಭಾವಿಸಿದ್ದೆ. ಬಂದದ್ದು 30 ಮಿಲಿಲೀಟರಿನಷ್ಟು, ತೆಳುವಾದ ಕಂದುಬಣ್ಣದ, ಶಸ್ತ್ರಚಿಕಿತ್ಸಾ ಕೋಣೆಯ ಹೊರಗೂ ಹರಡಿದ ದುರ್ವಾಸನೆಯ ದ್ರವ. ಈ ರೋಗದಲ್ಲಿ ಕೀವಿಗಿಂತ ಊತವೇ ಹೆಚ್ಚು, ಬಿಗಿದ ಪೊಳ್ಳುಗಳನ್ನು ತೆರೆದು ಒತ್ತಡ ಇಳಿಸುವುದೇ ಅರ್ಧ ಚಿಕಿತ್ಸೆ. ಪರೀಕ್ಷೆಗೆ ಮಾದರಿ ತೆಗೆದು, ಸಲೈನ್‌ನಿಂದ ತೊಳೆದು, ಉಳಿದ ಕೀವು ಹೊರಗೆ ಸೋರಿಹೋಗಲು ರಬ್ಬರಿನ ಡ್ರೈನ್‌ಗಳನ್ನು ಇಟ್ಟು ಹೊಲಿದರು. ಅರಿವಳಿಕೆಯಲ್ಲಿ ದವಡೆಯ ಬಿಗಿತ ಸ್ವಲ್ಪ ಸಡಿಲಗೊಂಡದ್ದರಿಂದ ಮೂಲಕಾರಣವಾದ ಆ ಹಲ್ಲನ್ನೂ ಅದೇ ವೇಳೆ ಕಿತ್ತರು. ಅದನ್ನು ಬಿಟ್ಟಿದ್ದರೆ ಉಳಿದದ್ದೆಲ್ಲ ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತಾಗುತ್ತಿತ್ತು.

ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಕೊಳವೆ ತೆಗೆಯದಿರುವುದು ತಮ್ಮನಿಗೆ ಅರ್ಥವಾಗಿರಲಿಲ್ಲ. ಕೊಯ್ದ ಮೇಲೆ ಊತ ಮೊದಲ ಎರಡು ಮೂರು ದಿನ ಇನ್ನೂ ಏರುತ್ತದೆ, ಈಗ ತೆಗೆದು ಮತ್ತೆ ಹಾಕಬೇಕಾಗಿ ಬಂದರೆ ಮೊದಲಿಗಿಂತ ಕಷ್ಟ ಎಂದು ಅವರು ವಿವರಿಸಿದ್ದರು. ಭಾನುವಾರ ಸಿ.ಆರ್.ಪಿ. 160ಕ್ಕೆ ಇಳಿದಿತ್ತು, ಸೋಮವಾರ ಅದು 190ಕ್ಕೆ ಏರಿತು, ಜ್ವರ ಮರಳಿತು. ಎಲ್ಲರೂ ಒಳ್ಳೆಯ ದಿಕ್ಕಿನಲ್ಲಿದೆ ಎಂದುಕೊಂಡಿದ್ದಾಗ ಒಂದೇ ಒಂದು ಅಂಕೆ ತಿರುಗಿದ್ದಕ್ಕೆ ಶಸ್ತ್ರವೈದ್ಯರು ಕಾಯದೆ ಮತ್ತೆ ಸಿ.ಟಿ. ಮಾಡಿಸಿದರು. ಮೊದಲ ವರದಿಯಲ್ಲಿ ಮಸುಕಾಗಿದ್ದ, ಗಂಟಲಿನ ಬಲ ಪಕ್ಕದ ಪೊಳ್ಳಿನಲ್ಲಿ ಈಗ ಸ್ಪಷ್ಟವಾದ ಕೀವಿನ ಗೂಡಿತ್ತು. ಅದೇ ಸಂಜೆ ಎರಡನೆಯ ಬಾರಿ ಒಯ್ದು ಅದನ್ನೂ ತೆರೆದು ಇನ್ನೊಂದು ಡ್ರೈನ್ ಇಟ್ಟರು. ಮೊದಲ ಶಸ್ತ್ರಚಿಕಿತ್ಸೆ ತಪ್ಪಾಯಿತೇ ಎಂದು ತಮ್ಮ ಕೋಪದಿಂದ ಕೇಳಿದ್ದನಂತೆ. ತಪ್ಪಾಗಿರಲಿಲ್ಲ. ಈ ಸೋಂಕಿನಲ್ಲಿ ಮರುಶಸ್ತ್ರಚಿಕಿತ್ಸೆ ಅಪರೂಪವಲ್ಲ, ಮತ್ತೆ ಮತ್ತೆ ಅಳೆಯುವುದೂ ಚಿಕಿತ್ಸೆಯ ಭಾಗವೇ ಎಂಬುದನ್ನು ಯಾರಾದರೂ ಮೊದಲೇ ಅವನಿಗೆ ಹೇಳಿದ್ದರೆ ಆ ಕೋಪ ಬರುತ್ತಿರಲಿಲ್ಲವೇನೋ.

ಬುಧವಾರ ನಿದ್ದೆಯ ಔಷಧಿಯನ್ನು ಕಡಿಮೆ ಮಾಡಿದಾಗ ನನಗೆ ಎಚ್ಚರವಾಯಿತು. ಕೊಳವೆಯನ್ನು ಕಿತ್ತುಕೊಳ್ಳದಂತೆ ಕೈಗಳಿಗೆ ಮೆದುವಾದ ಚೀಲ ಕಟ್ಟಿದ್ದರು; ಸಿಸ್ಟರ್ ಅದನ್ನು ಬಿಚ್ಚಿ ನನ್ನದೇ ಪುಸ್ತಕವನ್ನೂ ಪೆನ್ನನ್ನೂ ಕೊಟ್ಟರು. ‘ಔಷಧಿ ಹಿಡಿಯಿತು’ ಎಂಬ ಗೆರೆಯ ಕೆಳಗೆ ವಕ್ರವಾದ ಅಕ್ಷರಗಳಲ್ಲಿ ‘ನೀರು’ ಎಂದಿದೆ, ಅದರ ಕೆಳಗೆ ‘ಯಾವ ವಾರ’, ಅದರ ಕೆಳಗೆ ‘ಹಲ್ಲು ಹೋಯಿತಾ’. ಗುರುವಾರ ಬೆಳಗ್ಗೆ ಕೊಳವೆಯ ತುದಿಯಲ್ಲಿ ಶ್ವಾಸನಾಳವನ್ನು ಬಿಗಿಯಾಗಿ ಮುಚ್ಚಿದ್ದ ಸಣ್ಣ ಬಲೂನಿನ ಗಾಳಿ ತೆಗೆದು, ಕೊಳವೆಯ ಪಕ್ಕದಿಂದ ಉಸಿರು ಸೋರುತ್ತದೆಯೇ ಎಂದು ಕಿವಿಗೊಟ್ಟು ಕೇಳಿದರು. ಸೋರಿದರೆ ಊತ ಇಳಿದು ಸುತ್ತ ಜಾಗವಾಗಿದೆ ಎಂದರ್ಥ. ಸೋರಿತು. ಗಂಟಲು ತಜ್ಞರು ಈ ಬಾರಿಯೂ ಪಕ್ಕದಲ್ಲಿ ನಿಂತಿದ್ದರು, ಅವರ ಅಗತ್ಯ ಬೀಳಲಿಲ್ಲ. ಕೊಳವೆ ಹೊರಬಂದ ಮೇಲೆ ನಾನು ಆಡಿದ ಮೊದಲ ಮಾತು ಪಿಸುಗುಟ್ಟಿದಂತಿತ್ತು, ಆದರೆ ದಪ್ಪಗಿರಲಿಲ್ಲ. ಪೆನ್ನಿನ ಗೆರೆ ಕತ್ತಿನ ಮೇಲೆ ಇನ್ನೂ ಮಾಸದೆ ಉಳಿದಿತ್ತು.

ವಾರ್ಡಿನಲ್ಲಿ ಕಳೆದ ದಿನಗಳಲ್ಲಿ ಬರೆಯುವಂಥದ್ದು ಕಡಿಮೆ. ದಿನಕ್ಕೆ ಎರಡು ಬಾರಿ ಡ್ರೆಸ್ಸಿಂಗ್. ಡ್ರೈನನ್ನು ದಿನವೂ ಒಂದಿಷ್ಟು ಹೊರಗೆಳೆದು ಕತ್ತರಿಸುವುದು, ಸೋರುವುದು ನಿಂತ ಮೇಲೆ ತೆಗೆಯುವುದು. ಮೂಗಿನ ನಳಿಕೆಯಿಂದ ದ್ರವಾಹಾರ. ಬೆರಳು ಚುಚ್ಚಿ ಸಕ್ಕರೆ ನೋಡಿ ಇನ್ಸುಲಿನ್. ಗಾಯಗಳಿಗಿಂತ ಹೆಚ್ಚು ಕಾಡಿದ್ದು ಬಾಯಿಯ ಬಿಗಿತ. ಅಗಿಯುವ ಸ್ನಾಯುಗಳು ಸೋಂಕಿನಿಂದ ಗಡುಸಾಗಿ, ಕೀವು ಹೋದ ಮೇಲೂ ತಾವಾಗಿ ಸಡಿಲಗೊಳ್ಳುವುದಿಲ್ಲ. ವೈದ್ಯರು ನಾಲಗೆ ಒತ್ತಿ ನೋಡುವ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು, ಅವುಗಳ ನಡುವೆ ದಿನಕ್ಕೊಂದು ಹೊಸ ಪಟ್ಟಿಯನ್ನು ತೂರಿಸಲು ಕಲಿಸಿದರು. ಎಂಟು ಪಟ್ಟಿಗಳಿಂದ ಶುರುಮಾಡಿದೆ. ಒಂಬತ್ತನೆಯದಕ್ಕೆ ಮೂರು ದಿನ ಹಿಡಿಯಿತು, ಕಣ್ಣಲ್ಲಿ ನೀರು ಬಂತು; ಈ ನೋವಿಗೆ ಹೆದರಿ ನಿಲ್ಲಿಸಿದರೆ ಬಾಯಿ ಹೀಗೆಯೇ ಉಳಿಯುತ್ತದೆ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಪುಸ್ತಕದಲ್ಲಿ ಈಗ ನೋವಿನ ಅಂಕಗಳ ಬದಲು ಪಟ್ಟಿಗಳ ಸಂಖ್ಯೆ ಬರೆಯತೊಡಗಿದೆ. ಹದಿನೈದನೆಯ ದಿನ ಮನೆಗೆ ಕಳುಹಿಸಿದಾಗ ಹನ್ನೆರಡು ಪಟ್ಟಿಗಳಿದ್ದವು, ತೂಕ ಆರು ಕಿಲೋ ಇಳಿದಿತ್ತು, ನಕ್ಕರೆ ಕೆಳತುಟಿಯ ಬಲಮೂಲೆ ಹಿಂದುಳಿಯುತ್ತಿತ್ತು. ನರವನ್ನು ಉಳಿಸಿದ್ದರೂ ಅದು ಎಳೆತಕ್ಕೆ ಸಿಕ್ಕಿ ಸುಸ್ತಾಗಿತ್ತು. ಎರಡು ತಿಂಗಳಲ್ಲಿ ತಾನೇ ಸರಿಹೋಯಿತು.

ನಾಲ್ಕು ತಿಂಗಳ ಬಳಿಕ ಅದೇ ದಂತವೈದ್ಯರ ಬಳಿಗೆ ಹೋದೆ. ಎಚ್‌ಬಿಎ1ಸಿ ಅಷ್ಟು ಹೊತ್ತಿಗೆ 6.9ಕ್ಕೆ ಬಂದಿತ್ತು. ಅವರು ಇಡೀ ದವಡೆಯ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಬಲಗಡೆ ಎಲುಬು ಚೆನ್ನಾಗಿ ತುಂಬಿಕೊಳ್ಳುತ್ತಿದೆ ಎಂದು ಮೊದಲು ಹೇಳಿದರು. ಬಳಿಕ ಎಡಗಡೆಯ ಒಂದು ದವಡೆಹಲ್ಲಿನ ಬೇರಿನ ತುದಿಯಲ್ಲಿದ್ದ, ಕಡಲೆಬೇಳೆಯಷ್ಟು ದೊಡ್ಡ ಕಪ್ಪು ನೆರಳನ್ನು ತೋರಿಸಿದರು. ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ಕುಟ್ಟಿ, “ನೋಯುತ್ತದೆಯೇ?” ಎಂದು ಕೇಳಿದರು. ಇಲ್ಲ ಎಂದೆ. ತಣ್ಣನೆಯದನ್ನು ತಾಗಿಸಿ ನೋಡಿದರು. ಅದೂ ತಿಳಿಯಲಿಲ್ಲ. “ಯಾವಾಗ ಬರುತ್ತೀರಿ?” ಎಂದರು. ಈಗಲೇ ಮಾಡಲು ಆಗುವುದೇ ಎಂದು ಕೇಳಿದೆ. ಅವರು ಬಾಯಿ ತೆರೆಯಲು ಹೇಳಿ ಮೂರು ಬೆರಳುಗಳನ್ನು ನಿಲ್ಲಿಸಿ ನೋಡಿದರು. ಮೂರೂ ಹಿಡಿಸಿದವು. ಕುರ್ಚಿಯನ್ನು ಹಿಂದಕ್ಕೆ ಒರಗಿಸಿದರು.